ಸಹನಳ ಸೋದರಮಾವ

ಚಿನಕುರಳಿ
16-9-1997

ಪ್ರಮೀಳಾಳಿಗೆ,

ಆಶೀರ್ವಾದ ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ. ಕ್ಷೇಮ ಸಮಾಚಾರವೂ ಬೇಡ. ನೇರ ವಿಷಯಕ್ಕೆ ಬರುತ್ತೇನೆ.

ಪಾಂಡವಪುರದ ಶಿಕ್ಷಕರ ತರಬೇತಿಗೆ ನಾನೂ ಬಂದಿರುತ್ತೇನೆಂದು ನಿನಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೇ ಬಂದೆ ಎಂದು ನನ್ನ ನಂಬಿಕೆ. ‘ಈಗ ಆಟಿಸಂ ಇರುವ ಮಗುವಿನ ತಾಯಿಯೊಬ್ಬರು ಮಾತಾಡುತ್ತಾರೆ’ ಎಂದು ತರಬೇತಿ ಕೊಡಲು ಬಂದಿದ್ದ ಮೈಸೂರಿನ ಮೇಡಂ ಹೇಳಿದಾಗ ನಾನು ಮೂರನೇ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿದರೆ ನನ್ನ ಒಡಹುಟ್ಟಿದ ತಂಗಿ ಮೈಕಿನ ಮುಂದೆ ನಿಂತಿದ್ದಾಳೆ.

ನಲವತ್ತೆರಡು ಜನ ಶಿಕ್ಷಕರ ಎದುರಿಗೆ ನೀನು ಹೇಳಿದೆ: ‘ನನ್ನ ಮಗಳನ್ನ ಒಬ್ಬ ಹೆಡ್‌ಮೇಷ್ಟ್ರು ಸ್ಟೋರ್ ರೂಮಲ್ಲಿ ಕಟ್ಟಾಕಿದ್ರು. ಬೇರೆ ಯಾರೂ ಅಲ್ಲ, ಅವಳ ಸೋದರಮಾವನೇ.’ ಹೆಸರು ಹೇಳಲಿಲ್ಲ, ನಿಜ. ಆದರೆ ನಿನಗೇನು ಹತ್ತು ಜನ ಅಣ್ಣಂದಿರಿದ್ದಾರಾ? ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಎಡಕ್ಕೂ ಬಲಕ್ಕೂ ಎಲೆ ಖಾಲಿ ಇತ್ತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನನಗೆ ಇಂಥ ಊಟ ಯಾರೂ ಹಾಕಿರಲಿಲ್ಲ.

ನೀನು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಆಗ ಶಾಲೆಯಲ್ಲಿ ಐವತ್ತೆಂಟು ಮಕ್ಕಳು. ನಾನು ಮತ್ತು ಮಂಚಮ್ಮ ಮೇಡಂ, ಇಬ್ಬರೇ. ಸಹನ ಒಂದನೇ ಕ್ಲಾಸಿನ ಮಗುವಿನ ಕೆನ್ನೆ ಕಚ್ಚಿದಳು. ಇನ್ನೊಬ್ಬಳ ಕೂದಲನ್ನು ಬುಡಸಮೇತ ಕಿತ್ತಳು. ಎರಡು ಸಲ ರಸ್ತೆಗೆ ಓಡಿ ಕ್ವಾರಿಯ ಕಲ್ಲು ಲಾರಿಗೆ ಸಿಕ್ಕುವುದರಲ್ಲಿದ್ದಳು. ಕಟ್ಟದೇ ಇದ್ದಿದ್ದರೆ ಇವತ್ತು ಭಾಷಣ ಮಾಡಲು ನಿನಗೆ ಮಗಳೇ ಇರುತ್ತಿರಲಿಲ್ಲ.

ಅವ್ವನನ್ನು ನೋಡಬೇಕೆನಿಸಿದರೆ ನಾನು ಶಾಲೆಗೆ ಹೋದ ಮೇಲೆ ಬಂದು ನೋಡಿಕೊಂಡು ಹೋಗು. ನನ್ನ ಕಣ್ಣಿಗೆ ಬೀಳಬೇಡ.

ನಂಜಪ್ಪ
ಮುಖ್ಯೋಪಾಧ್ಯಾಯ


ಬೆಳ್ಳೂರು ಕ್ರಾಸ್
24-9-1997

ಹೆಡ್‌ಮೇಷ್ಟ್ರಿಗೆ,

ನಿನ್ನ ಕಾಗದ ಬಂತು. ನಮ್ಮೆಜಮಾನ್ರು ಸೈಕಲ್ ಶಾಪಿನಲ್ಲಿ ಗಿರಾಕಿ ಮುಂದೇನೇ ಒಡೆದು ಓದಿ ನನ್ನ ಕೈಗೆ ಕೊಟ್ಟರು. ಶಂಕರ್ ಎಂಥಾ ಮನುಷ್ಯ ಅಂತ ನಿನಗೆ ಗೊತ್ತು. ಅವರು ಬಾಯಿ ತೆಗೆದಿದ್ದರೆ ನೀನು ಆವತ್ತೇ ಊರು ಬಿಡಬೇಕಾಗ್ತಿತ್ತು.

ಹೇಳದೆ ಬಿಟ್ಟದ್ದು ಅಂತ ಬರೆದಿದ್ದೀಯ. ಕೇಳು.

ಇಲ್ಲಿ ಎರಡು ಸ್ಕೂಲಿನವರು ಸಹನನ್ನ ಸೇರಿಸ್ಕೊಳ್ಳಲಿಲ್ಲ. ತೊಂಬತ್ನಾಕರ ಜೂನ್‌ನಲ್ಲಿ ನಾನೇ ಅವಳನ್ನ ಕರಕೊಂಡು ಬಂದು ನಿನ್ನ ಮನೇಲಿ ಬಿಟ್ಟೆ. ಎಂಟು ವರ್ಷದ ಮಗು. ನನ್ನಣ್ಣನೇ ಹೆಡ್‌ಮೇಷ್ಟ್ರು, ಅವ್ವನೂ ಅಲ್ಲೇ ಅವಳೆ, ಇನ್ನೇನು ಭಯ ಅಂದ್ಕೊಂಡೆ. ಆಗ ಅವಳಿಗೆ ಮೂವತ್ತು ನಲವತ್ತು ಮಾತು ಬರ್ತಿತ್ತು. ನೀರು ಅಂತಿದ್ದಳು, ಮುದ್ದೆ ಅಂತಿದ್ದಳು, ಬಸ್ಸು ಕಂಡರೆ ‘ಬಂತು ಬಂತು’ ಅಂತಿದ್ದಳು. ದೀಪಾವಳಿಗೆ ಹೊಸ ಲಂಗ ತಗೊಂಡು ಬಂದೆ. ತೊಡಿಸೋಕೆ ಅಂತ ತೋಳು ಎತ್ತಿದೆ. ಎರಡು ಮಣಿಕಟ್ಟಿನ ಸುತ್ತ ಬಳೆ ಥರ ಕಪ್ಪು ಗೆರೆ. ‘ಏನವ್ವ ಇದು?’ ಅಂತ ಅವ್ವನ್ನ ಕೇಳಿದ್ರೆ ಅವ್ವ ಒಲೆ ಕಡೆ ತಿರುಗಿಕೊಂಡಳು.

ಎರಡು ತಿಂಗಳು. ಪ್ರಾರ್ಥನೆ ಮುಗಿದ ತಕ್ಷಣ ಒಳಗೆ, ಶಾಲೆ ಬಿಟ್ಟ ಮೇಲೆ ಹೊರಗೆ. ಮ್ಯಾಪು, ಒಡೆದ ಬೆಂಚು, ಹುಳ ಹಿಡಿದ ಗೋಧಿ ಚೀಲದ ಮಧ್ಯೆ, ಕಿಟಕಿ ಸರಳಿಗೆ ಹಗ್ಗ. ನಾನು ಕೇಳಿದಾಗ ನೀನು ಏನಂದೆ? ‘ಇಂಥ ಮಕ್ಳಿಗೆ ನೋವು ಗೊತ್ತಾಗಲ್ಲ ಪ್ರಮೀಳಾ.’ ಅಂದು ಟೀಸಿ ಬರೆದು ಕೈಗೆ ಕೊಟ್ಟೆ. ‘ಶಾಲೆಯಲ್ಲಿ ಕಲಿಯಲು ಯೋಗ್ಯಳಲ್ಲ.’ ನಿನ್ನ ಅಕ್ಷರ ಯಾವತ್ತೂ ಮುತ್ತಿನ ಹಾಗೆ.

ಅವತ್ತಿಂದ ಇವತ್ತಿನವರೆಗೂ ಸಹನ ಒಂದು ಮಾತೂ ಆಡಿಲ್ಲ. ನೀರು ಅಂತಲೂ ಇಲ್ಲ.

ಆ ತರಬೇತೀಲಿ ನಿನ್ನ ಹೆಸರು ಹೇಳಬೇಡ ಅಂತ ಅವ್ವ ಕೈ ಮುಗಿದಿದ್ದಳು. ಅದಕ್ಕೇ ಹೇಳಲಿಲ್ಲ. ನಿನ್ನನ್ನ ಎಲ್ಲರಿಗೂ ತೋರಿಸಿಕೊಟ್ಟದ್ದು ತಗ್ಗಿಸಿದ ನಿನ್ನ ತಲೇನೇ.

ಪ್ರಮೀಳಾ


ಚಿನಕುರಳಿ
12-12-1997

ಪ್ರಮೀಳಾಳಿಗೆ,

ಸಂಬಂಧ ಕುದುರಿಸಿಕೊಳ್ಳಲು ಬರೆಯುತ್ತಿರುವ ಕಾಗದ ಇದಲ್ಲ. ಶಾಲೆಯ ಕೆಲಸಕ್ಕೆ ಬರೆಯುತ್ತಿದ್ದೇನೆ.

ಶಾಲೆಯಿಂದ ಹೊರಗುಳಿದ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಆದೇಶ ಬಂದಿದೆ. ಕ್ವಾರಿಯಲ್ಲಿ ಜಲ್ಲಿ ಒಡೆಯುವ ಕುಳ್ಳಮ್ಮ ಎಂಬಾಕೆ ತನ್ನ ಏಳು ವರ್ಷದ ಮಗಳು ಮಾಯಳನ್ನು ತಂದು ಸೇರಿಸಿದ್ದಾಳೆ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಾಳೆ. ತಡೆಯಲು ಹೋದ ಮಂಚಮ್ಮ ಮೇಡಂ ಕೈಗೆ ಕಚ್ಚಿ ಎರಡು ಹೊಲಿಗೆ ಬಿದ್ದಿದೆ. ಅವರು ಆ ಮಗುವಿನ ಹತ್ತಿರ ಹೋಗುವುದಿಲ್ಲ ಎಂದು ಕೂತಿದ್ದಾರೆ.

ತರಬೇತಿಯಲ್ಲಿ ಕೊಟ್ಟ ಹಾಳೆಗಳು ನನ್ನ ಚೀಲದಲ್ಲಿವೆ. ‘ಮಗುವಿನ ವರ್ತನೆಯ ಹಿಂದಿನ ಕಾರಣವನ್ನು ಗುರುತಿಸಿ’ ಎಂದಿದೆ. ಓದಲು ಚೆನ್ನಾಗಿದೆ. ಮಗು ತಲೆ ಜಜ್ಜಿಕೊಳ್ಳುವಾಗ ಹಾಳೆಯನ್ನು ಎಲ್ಲಿ ಹಿಡಿಯಲಿ? ಮೈಸೂರಿನ ಮೇಡಂಗೆ ಎರಡು ಕಾಗದ ಹಾಕಿದೆ, ಉತ್ತರವಿಲ್ಲ.

ಮೈಕ್ ಸಿಕ್ಕಿದಾಗ ಎಲ್ಲ ಬಲ್ಲವಳ ಹಾಗೆ ಮಾತಾಡಿದೆಯಲ್ಲ, ಈಗ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಅದನ್ನೇ ಆ ನಲವತ್ತೆರಡು ಜನರಿಗೆ ತೋರಿಸುತ್ತೇನೆ.

ನಂಜಪ್ಪ


ಬೆಳ್ಳೂರು ಕ್ರಾಸ್
17-12-1997

ಹೆಡ್‌ಮೇಷ್ಟ್ರಿಗೆ,

ನಿನಗಾಗಿ ಅಲ್ಲ, ಆ ಮಗುವಿನ ಹಣೆಗಾಗಿ ಬರೀತಿದ್ದೀನಿ.

ಗೋಡೆಗೂ ತಲೆಗೂ ಮಧ್ಯೆ ಮಡಿಚಿದ ಗೋಣಿಚೀಲ ಇಡು. ಕೈ ಹಿಡಿದು ಎಳೀಬೇಡ. ಎಳೆದರೆ ಕಚ್ಚುತ್ತೆ. ನಿನ್ನ ಕೈ ಹಿಡಿದು ನಾಲ್ಕು ಜನ ಎಳೆದಾಡಿದರೆ ನೀನೇನು ಸುಮ್ಮನಿರ್ತೀಯ? ಸುತ್ತಲಿನ ಮಕ್ಕಳನ್ನ ಆಚೆ ಕಳಿಸು. ಕೂಗಬೇಡ, ಹತ್ತು ಮಾತಾಡಬೇಡ. ಒಂದೇ ಮಾತು, ಮೆತ್ತಗೆ.

ಆಮೇಲೆ ಒಂದು ನೋಟ್‌ಬುಕ್ಕು ಮಾಡು. ಅವಳು ತಲೆ ಜಜ್ಜಿಕೊಂಡಾಗೆಲ್ಲ ಬರೀಬೇಕು. ಅದಕ್ಕೆ ಮುಂಚೆ ಏನಾಯ್ತು, ಅವಳು ಏನು ಮಾಡಿದಳು, ಆಮೇಲೆ ನೀನು ಏನು ಮಾಡಿದೆ. ಕಡೇದನ್ನ ಸುಳ್ಳಿಲ್ಲದೆ ಬರಿ. ನನಗೆ ಮೈಸೂರಿನ ಡಾಕ್ಟರು ಇದನ್ನ ಹೇಳಿಕೊಟ್ಟಾಗ ನಾನು ಎರಡು ವಾರ ಸಹನಂದು ಮಾತ್ರ ಬರೆದು, ನಂದು ಬರೆದಿರಲಿಲ್ಲ. ಅವರು ಪುಸ್ತಕ ವಾಪಸ್ ಕೊಟ್ಟರು.

ಹದಿನೈದು ದಿನ ಬರೆದು ಅದನ್ನ ಕಳಿಸು. ಐವತ್ತೆಂಟು ಮಕ್ಕಳ ಕಥೆ ಕಳಿಸಬೇಡ.

ಪ್ರಮೀಳಾ


ಚಿನಕುರಳಿ
9-1-1998

ಪ್ರಮೀಳಾಳಿಗೆ,

ಬರೆದಿದ್ದೇನೆ. ನೋಟ್‌ಬುಕ್ಕು ಶಾಲೆಯಲ್ಲೇ ಇರಬೇಕಾದ್ದರಿಂದ ಸಾರಾಂಶ ಕಳಿಸುತ್ತಿದ್ದೇನೆ.

ಹದಿನೈದು ದಿನದಲ್ಲಿ ಹತ್ತೊಂಬತ್ತು ಸಲ. ಹದಿಮೂರು ಸಲ ಒಂದೇ ಹೊತ್ತಿಗೆ. ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸುತ್ತೇವೆ. ಹನ್ನೊಂದೂವರೆಗೆ ಬಿಸಿಲು ಜಗಲಿಗೆ ಬಂದ ಕೂಡಲೇ ‘ಏಳ್ರಿ, ಒಳಕ್ಕೆ ನಡೀರಿ’ ಎನ್ನುತ್ತೇನೆ. ಎಲ್ಲರೂ ಒಟ್ಟಿಗೆ ಎದ್ದು ಸ್ಲೇಟು ಚೀಲ ಎಳೆದುಕೊಂಡು ನುಗ್ಗುತ್ತಾರೆ. ಆಗಲೇ ಅವಳು ಗೋಡೆಗೆ ಹೋಗುವುದು. ಇಪ್ಪತ್ತಾರು ವರ್ಷ ಆ ಮಾತು ಹೇಳಿದ್ದೇನೆ, ಅದರಲ್ಲಿ ಏನಾದರೂ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಈಗ ಅವಳಿಗೇ ಒಂದು ಗೋಣಿತಟ್ಟು ಕೊಟ್ಟಿದ್ದೇವೆ. ಹನ್ನೊಂದಕ್ಕೇ ಅದರ ಮೂಲೆ ಮುಟ್ಟಿ ‘ಒಳಗೆ’ ಎನ್ನುತ್ತೇನೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಅವಳು ತಾನೇ ತಟ್ಟು ಸುತ್ತಿಕೊಂಡು ಮೊದಲು ಹೋಗುತ್ತಾಳೆ, ಆಮೇಲೆ ಉಳಿದವರು. ಐದು ದಿನದಿಂದ ಆ ಹೊತ್ತಿಗೆ ಹಣೆ ಜಜ್ಜಿಕೊಂಡಿಲ್ಲ. ಗೆದ್ದೆ ಎಂದು ಕುಣಿಯಬೇಡ.

ಸುಳ್ಳಿಲ್ಲದೆ ಬರೆ ಎಂದಿದ್ದೆ. ಜನವರಿ ಮೂರನೇ ತಾರೀಖು ನನ್ನ ಹೆಬ್ಬೆರಳು ಕಚ್ಚಿದಳು. ಬಿಡಲಿಲ್ಲ. ನಾನು ಕೆನ್ನೆಗೆ ಹೊಡೆದೆ. ಜೋರಾಗಿಯೇ. ಬೆರಳಿನ ಗುರುತು ಬಿತ್ತು. ಸಂಜೆ ಕುಳ್ಳಮ್ಮ ಬಂದಾಗ, ಜಗಳಕ್ಕೆ ಬಂದಳು ಎಂದೇ ನಾನು ಎದ್ದು ನಿಂತೆ. ಅವಳು ಅಂದಳು: ‘ಒಡೀರಿ ಸಾ, ಪರ್ವಾಗಿಲ್ಲ. ಒಡ್ದು ಬಡ್ದು ಏನಾರ ಮಾಡಿ. ಇಸ್ಕೂಲಿಂದ ಮಾತ್ರ ಕಳುಸ್ಬೇಡಿ.’

ಅವಳು ಜಗಳವಾಡಿದ್ದರೆ ಒಳ್ಳೆಯದಿತ್ತು.

ನಂಜಪ್ಪ


ಬೆಳ್ಳೂರು ಕ್ರಾಸ್
18-1-1998

ಹೆಡ್‌ಮೇಷ್ಟ್ರಿಗೆ,

ಕುಳ್ಳಮ್ಮ ಜಗಳ ಆಡಲಿಲ್ಲ ಅಂತ ನನ್ನ ಹತ್ತಿರ ಯಾಕೆ ಬರೀತೀಯ? ನಾನು ಆಡಿದೆನಲ್ಲ. ಆಗೇನು ಮಾಡಿದೆ?

ಏಳು ವರ್ಷದ ಮಗುವಿನ ಕೆನ್ನೆಗೆ ಐವತ್ತು ವರ್ಷದ ಗಂಡಸಿನ ಕೈ. ಹೊಡೆದೆ ಅಂತ ಬರೆದೆ, ಅದಕ್ಕೆ ಮುಂಚೆ ಏನಾಯ್ತು ಅಂತ ಯಾಕೆ ಬರೆದಿಲ್ಲ? ಬಾಯಿಂದ ಏನಾದರೂ ಕಿತ್ತುಕೊಳ್ಳೋಕೆ ಹೋಗಿದ್ದೆಯಾ? ಬರೆಯೋದನ್ನ ಅರ್ಧ ಬರೆಯೋದು ನಿನ್ನ ಹಳೇ ಚಾಳಿ.

ಅವಳಿಗೆ ಬೇಡ ಅನ್ನೋಕೆ ಒಂದು ದಾರಿ ಬೇಕು. ಮಾತಿಲ್ಲದವರು ಹಲ್ಲಲ್ಲಿ ಹೇಳ್ತಾರೆ. ಸ್ಲೇಟನ್ನ ಬೋರಲು ಹಾಕಿದರೆ ಪಾಠ ನಿಂತುಹೋಗುತ್ತೆ ಅಂತ ಕಲಿಸು. ಮೊದಲು ನೀನೇ ಅವಳ ಕೈ ಕೆಳಗೆ ಸ್ಲೇಟು ಇಟ್ಟು ಬೋರಲು ಮಾಡಿಸು, ತಕ್ಷಣ ನಿಲ್ಲಿಸು. ಪ್ರತಿ ಸಲ ನಿಲ್ಲಿಸಬೇಕು. ಇನ್ನೊಂದೇ ಲೆಕ್ಕ, ಇನ್ನೊಂದೇ ಅಕ್ಷರ ಅನ್ನಬಾರದು. ಅಂದರೆ ಅವಳು ನಿನ್ನನ್ನ ಮತ್ತೆ ನಂಬಲ್ಲ.

ಮಂಚಮ್ಮ ಮೇಡಂಗೂ ಕಲಿಸು. ನೀನೊಬ್ಬನೇ ಕಲಿತರೆ ನಿನಗೆ ಜ್ವರ ಬಂದ ದಿನ ಆ ಮಗು ಏನು ಮಾಡುತ್ತೆ?

ಇನ್ನೊಂದು ಸಲ ಹೊಡೆದರೆ ನನಗೆ ಬರೀಬೇಡ. ನಾನೇ ಪಾಂಡವಪುರಕ್ಕೆ ಹೋಗಿ ಆಫೀಸಿನಲ್ಲಿ ಬರೆದುಕೊಡ್ತೀನಿ, ಈ ಸಲ ಹೆಸರು ಸಮೇತ.

ಪ್ರಮೀಳಾ


ಚಿನಕುರಳಿ
6-4-1998

ಪ್ರಮೀಳಾಳಿಗೆ,

ಎರಡೂವರೆ ತಿಂಗಳು ಬರೆಯಲಿಲ್ಲ. ಹೊಡೆದಿಲ್ಲ. ಸ್ಲೇಟು ಬೋರಲು ಹಾಕುವುದನ್ನು ಮಾಯ ಕಲಿಯಲು ಐದು ವಾರ ಹಿಡಿಯಿತು, ಮಂಚಮ್ಮ ಮೇಡಂ ಕಲಿಯಲು ಏಳು ವಾರ. ಮೊದಮೊದಲು ಮಗು ದಿನಕ್ಕೆ ಮೂವತ್ತು ಸಲ ಬೋರಲು ಹಾಕಿತು. ಮೇಡಂ ಅತ್ತೇಬಿಟ್ಟರು. ‘ಇದು ಪಾಠ ಮಾಡೋದಲ್ಲ ಸಾರ್, ಪಾಠ ನಿಲ್ಸೋದು’ ಎಂದರು. ಈಗ ಮಗು ಇಪ್ಪತ್ತು ನಿಮಿಷ ಕೂರುತ್ತದೆ.

ಯುಗಾದಿ ಕಳೆದ ಮೇಲೆ ಒಂದು ಘಟನೆ ನಡೆಯಿತು. ಗ್ರಾಮ ಶಿಕ್ಷಣ ಸಮಿತಿಯ ಅಧ್ಯಕ್ಷ ಚಲುವರಾಜು ಅವರ ಮೊಮ್ಮಗಳು ಮಾಯಳ ಗೋಣಿತಟ್ಟು ಕಿತ್ತುಕೊಂಡು ಓಡಿದಳು. ಮಾಯ ಅವಳ ತೋಳು ಕಚ್ಚಿದಳು. ಮಾರನೇ ದಿನ ಶಾಲೆಯ ಜಗಲಿ ಮೇಲೆ ಹದಿನೈದು ಜನ ಸೇರಿದರು. ಕುಳ್ಳಮ್ಮ ಕೆಲಸ ಬಿಟ್ಟು ಬಂದು ಕೆಳಗೆ ನಿಂತಿದ್ದಳು, ತಲೆಯ ಮೇಲೆಲ್ಲ ಕಲ್ಲಿನ ಪುಡಿ.

ಚಲುವರಾಜು ಅಂದರು: ‘ಮೇಷ್ಟ್ರೇ, ಸುಮ್ಕೆ ಟೀಸಿ ಬರ್ದು ಕೈಗೆ ಕೊಟ್ಬುಡಿ. ಮಾತು ಬೆಳ್ಸದ್ಬ್ಯಾಡ.’

ನಾನು ನಡೆದದ್ದನ್ನು ಹೇಳಿದೆ. ತಟ್ಟು ಕಿತ್ತುಕೊಂಡದ್ದರಿಂದ ಹೀಗಾಯಿತು, ಇಬ್ಬರಿಗೂ ತಿಳಿಸಿ ಹೇಳುತ್ತೇನೆ ಎಂದೆ.

‘ಅಂಗಾರೆ ನನ್ ಮೊಮ್ಮಗಳ್ದೇ ತಪ್ಪಾ? ನಿಮ್ ತಂಗಿ ಮಗೀಗೇ ಬರ್ದ್ಕೊಟ್ರಲ್ಲ, ಆವತ್ತು ಕೈ ನಡುಗ್ನಿಲ್ಲ. ಈ ಕ್ವಾರಿ ಮಗೀಗೆ ಬರ್ಯಕ್ಕೆ ಯಾಕಿಂಗಾಡ್ತಿದ್ದೀರಿ?’

ಎಲ್ಲರೂ ನನ್ನನ್ನೇ ನೋಡಿದರು. ನಾನು ಹೇಳಿದೆ: ‘ಆವತ್ತು ಬರೆದುಕೊಟ್ಟದ್ದು ತಪ್ಪು ಚಲುವರಾಜಪ್ಪ. ಅವಳನ್ನ ಕಟ್ಟಿ ಕೂಡಿಹಾಕಿದ್ದು ಇನ್ನೂ ದೊಡ್ಡ ತಪ್ಪು. ಈ ಮಗೀಗೆ ಟೀಸಿ ಬರೆಯಲ್ಲ.’

‘ಅಂಗಾರೆ ನೀವು ಇಲ್ಲಿರಕಿಲ್ಲ ಬುಡಿ.’

‘ಇರೋದು ಬೇಡ ಬಿಡಿ’ ಎಂದೆ.

ಮೊನ್ನೆ ವರ್ಗಾವಣೆ ಆದೇಶ ಬಂತು. ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಮೂಲೆ ಹಳ್ಳಿ, ಜೂನ್ ಒಂದರಿಂದ. ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ. ಮಾಯಳ ಹೆಸರು ಹಾಜರಿ ಪುಸ್ತಕದಲ್ಲಿದೆ. ನನ್ನ ಜಾಗದಲ್ಲಿ ಮಂಚಮ್ಮ ಮೇಡಂ ಇರುತ್ತಾರೆ. ನೋಟ್‌ಬುಕ್ಕು ಅವರ ಕೈಗೆ ಕೊಟ್ಟೆ. ‘ನಾನಿರೋ ತನಕ ಈ ಮಗು ಎಲ್ಲಿಗೂ ಹೋಗಲ್ಲ ಸಾರ್’ ಎಂದರು.

ಇದನ್ನು ನಿನಗೆ ತಿಳಿಸಬೇಕೆನಿಸಿತು.

ನಿನ್ನ ಅಣ್ಣ
ನಂಜಪ್ಪ


ಬೆಳ್ಳೂರು ಕ್ರಾಸ್
14-4-1998

ನಂಜಪ್ಪನವರಿಗೆ,

ನಿನ್ನ ಕಾಗದ ಓದಿ ಇಡೀ ದಿನ ಒಲೆ ಹಚ್ಚಲಿಲ್ಲ. ಶಂಕರ್ ಕ್ರಾಸಿನ ಹೋಟ್ಲಿಂದ ಇಡ್ಲಿ ತಂದು ಸಹನಂಗೆ ತಿನ್ನಿಸಿದರು.

ನನಗೆ ಸಂತೋಷ ಆಗುತ್ತೆ ಅಂತ ಬರೆದೆಯಾ? ಹದಿನೈದು ಜನ ಸುತ್ತ ನಿಂತು ಬರಿ ಬರಿ ಅಂದರೂ ಬರೆಯಲ್ಲ ಅಂದೆ. ಸರಿ. ತೊಂಬತ್ನಾಕರಲ್ಲಿ ಯಾರು ನಿಂತಿದ್ದರು? ಯಾವ ಚಲುವರಾಜು ಬಂದಿದ್ದ? ಯಾರು ವರ್ಗ ಮಾಡಿಸ್ತೀನಿ ಅಂದಿದ್ದರು? ಒಬ್ಬರೂ ಇಲ್ಲ. ‘ಹೆಡ್‌ಮೇಷ್ಟ್ರ ಮನೇಲಿ ಹುಚ್ಚು ಹುಡುಗಿ’ ಅಂತ ಊರವರು ನಗ್ತಾರೆ ಅನ್ನೋ ನಾಚಿಕೆಗೆ ನೀನೇ ಕೂತು ಬರೆದೆ.

ಅಂದರೆ ಆ ಬಾಯಿ ನಿನಗೆ ಇತ್ತು. ಆ ಗುಂಡಿಗೆ ಇತ್ತು. ಇಲ್ಲ ಅಂದ್ಕೊಂಡಿದ್ದೆ. ನಮ್ಮಣ್ಣ ಪುಕ್ಕಲ, ಏನು ಮಾಡೋಕಾಗುತ್ತೆ ಅಂತ ಮೂರು ವರ್ಷ ಹಂಗೂ ಹಿಂಗೂ ಮನಸ್ಸಿಗೆ ಸಮಾಧಾನ ಹೇಳ್ಕೊಂಡಿದ್ದೆ. ಅದನ್ನೂ ಕಿತ್ಕೊಂಡೆ. ಕುಳ್ಳಮ್ಮನ ಮಗಳಿಗೆ ಸಿಕ್ಕಿದ ಮೇಷ್ಟ್ರು ನನ್ನ ಮಗಳಿಗೆ ಯಾಕೆ ಸಿಗಲಿಲ್ಲ? ನಮ್ಮವಳು ಅಂತಲಾ?

ಆಗ ತರಬೇತಿ ಆಗಿರಲಿಲ್ಲ ಅಂತ ಹೇಳ್ತೀಯ. ಗೋಣಿತಟ್ಟಿಗೆ, ಸ್ಲೇಟಿಗೆ ತರಬೇತಿ ಬೇಕು, ಒಪ್ತೀನಿ. ಹಗ್ಗ ಕಟ್ಟಿದರೆ ಮಗುವಿಗೆ ನೋವಾಗುತ್ತೆ ಅನ್ನೋದಕ್ಕೂ ಬೇಕಿತ್ತಾ?

ಮಾಯ ಉಳಿದಳು, ಅದು ಒಳ್ಳೇದಾಯ್ತು. ಮಂಚಮ್ಮ ಮೇಡಂಗೆ ಬೇಕಿದ್ದರೆ ನನ್ನ ವಿಳಾಸ ಕೊಡು. ನೀನು ಇಲ್ಲಿಗೆ ಬರಬೇಡ. ನಿನ್ನ ಅಣ್ಣ ಅಂತ ಕಾಗದದ ಕೊನೇಲಿ ಬರೀಬೇಡ.

ಪ್ರಮೀಳಾ


ಕೆ.ಆರ್.ಪೇಟೆ
17-6-1998

ಪ್ರಮೀಳಾ,

ಬರಬೇಡ ಎಂದಿದ್ದೆ. ಹೋದ ಭಾನುವಾರ ಬಂದೆ. ಬಂದು ನಿನ್ನ ಜೊತೆ ಒಂದು ಮಾತೂ ಆಡದೆ ವಾಪಸಾದೆ. ಆಡಬೇಕಾದ್ದನ್ನು ಬರೆಯಲು ಮೂರು ದಿನದಿಂದ ಹಾಳೆ ಹರಿಯುತ್ತಿದ್ದೇನೆ.

ಬಸ್ಸಿಳಿದು ಶಾಪಿನ ಹತ್ತಿರ ಬಂದಾಗ ಶಂಕರ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. ಸಹನ ಪಕ್ಕದ ಸ್ಟೂಲಿನ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಎಷ್ಟು ಎತ್ತರವಾಗಿದ್ದಾಳೆ! ನೀನು ಬಾಗಿಲಲ್ಲಿ ನಿಂತಿದ್ದೆ. ನಾನು ‘ಸಹನಾ’ ಎಂದು ಕರೆದೆ. ಕರೆಯಬಾರದಿತ್ತು.

ಕಿರುಚುತ್ತಾಳೆ, ಒಳಗೆ ಓಡುತ್ತಾಳೆ, ಕಚ್ಚುತ್ತಾಳೆ. ದಾರಿಯುದ್ದಕ್ಕೂ ಇವಿಷ್ಟಕ್ಕೂ ಸಿದ್ಧನಾಗಿ ಬಂದಿದ್ದೆ. ಅವಳು ಕೈಯಲ್ಲಿದ್ದ ನಟ್ಟನ್ನು ಡಬ್ಬಿಗೆ ಹಾಕಿ ಎದ್ದಳು. ನನ್ನ ಹತ್ತಿರ ಬಂದಳು. ಎರಡು ಕೈ ಜೋಡಿಸಿ ಮುಂದೆ ಚಾಚಿದಳು.

ಒಂದು ಕ್ಷಣ ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ನೋಡಿದೆ. ಜೋಡಿಸಿದ್ದು ಅಂಗೈಗಳಲ್ಲ, ಮಣಿಕಟ್ಟುಗಳು. ಕಟ್ಟಿಸಿಕೊಳ್ಳಲು.

ನಾನು ಅಲ್ಲಿಂದ ಹೊರಡುವ ತನಕ ಹಾಗೇ ಹಿಡಿದು ನಿಂತಿದ್ದಳು. ಶಂಕರ್ ಕೈಯಲ್ಲಿ ಸುತ್ತಿಗೆ ಇತ್ತು. ಹೊಡೆಯಲಿ ಎನಿಸಿತು. ಅವರು ಅದನ್ನು ಕೆಳಗಿಟ್ಟು ಮಗಳ ಪಕ್ಕ ಬಂದು ನಿಂತರು. ನೀನು ಬಾಗಿಲಿಂದ ಅಲ್ಲಾಡಲಿಲ್ಲ.

‘ಇಂಥವುಕ್ಕೆ ನೆನಪು ಇರಲ್ಲ ಕಣವ್ವ’ ಎಂದು ಅವ್ವನಿಗೆ ಎಷ್ಟು ಸಲ ಹೇಳಿದ್ದೇನೋ. ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ‘ಮಗಾ ಎಂಗದೆ, ಮೈ ಕೈ ತುಂಬ್ಕಂಡದಾ?’ ಎಂದು ದಿನಾ ಕೇಳುತ್ತಾಳೆ.

ನಾನು ಏನು ಮಾಡಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಂಜಪ್ಪ


ಬೆಳ್ಳೂರು ಕ್ರಾಸ್
2-7-1998

ನಂಜಪ್ಪನವರಿಗೆ,

ನೀನು ಹೋದ ಮೇಲೆ ಸಹನ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಸ್ಟೂಲಿನ ಮೇಲೆ ಕೂರಲಿಲ್ಲ. ಐದನೇ ದಿನ ಕೂತಳು. ಇದನ್ನ ನಿನ್ನ ನೋಟ್‌ಬುಕ್ಕಲ್ಲಿ ಬರ್ಕೊ. ಅದಕ್ಕೆ ಮುಂಚೆ ಏನಾಯ್ತು ಅನ್ನೋ ಕಡೆ ನಿನ್ನ ಹೆಸರು ಬರಿ.

ಮತ್ತೆ ಬರಬೇಡ ಅಂತಲೇ ಬರೆಯೋಕೆ ಕೂತೆ. ಶಂಕರ್ ಒಂದು ಮಾತು ಹೇಳಿದರು. ‘ಅವಳು ಅವನನ್ನ ಕಂಡರೆ ಕೈ ಚಾಚಬೇಕು ಅಂತಲೇ ತಿಳ್ಕೊಂಡು ಜೀವಮಾನ ಕಳೀಬೇಕಾ?’ ಅಂದರು. ನನಗೆ ಸಿಟ್ಟು ಬಂತು. ಎರಡು ದಿನ ಅವರನ್ನ ಮಾತಾಡಿಸಲಿಲ್ಲ. ಮೂರನೇ ದಿನ ಆ ಹಾಳೆ ಒಲೆಗೆ ಹಾಕಿದೆ.

ಅದಕ್ಕೇ ಬರೀತಿದ್ದೀನಿ. ನಿನಗಾಗಿ ಅಂತ ತಿಳೀಬೇಡ.

ಹನ್ನೆರಡನೇ ತಾರೀಖು ಭಾನುವಾರ ಬಾ. ಹತ್ತು ಗಂಟೆಗೆ. ಮೂರು ದಿನ ಮುಂಚಿಂದ ನಾನು ಅವಳಿಗೆ ನಿನ್ನ ಫೋಟೋ ತೋರಿಸಿ ಹೇಳ್ತೀನಿ. ಬರದೆ ತಪ್ಪಿಸಿದರೆ ಇನ್ನು ಯಾವತ್ತೂ ಬರಬೇಡ. ಶಾಪಿಗೆ ಬರಬೇಡ. ಎದುರು ಟೀ ಅಂಗಡಿ ಬೆಂಚಿನ ಮೇಲೆ ಕೂತ್ಕೊ, ಮಧ್ಯೆ ರಸ್ತೆ ಇರಲಿ. ಕರೀಬೇಡ. ನಗಬೇಡ. ತಿಂಡಿ, ಬಟ್ಟೆ ಏನೂ ತರಬೇಡ. ನಿನ್ನ ಎರಡು ಕೈಯೂ ಅವಳಿಗೆ ಕಾಣೋ ಹಾಗೆ ಮಂಡಿ ಮೇಲಿರಲಿ. ಅವಳು ಕೈ ಚಾಚಿದರೆ ಎದ್ದು ಬರಬೇಡ, ಅಳಬೇಡ, ನಾವು ನೋಡ್ಕೊಳ್ತೀವಿ. ಕಾಲು ಗಂಟೆ, ಅಷ್ಟೇ. ಮುಂದಿನ ಭಾನುವಾರ ಮತ್ತೆ. ಎಷ್ಟು ಭಾನುವಾರ ಅಂತ ನನಗೆ ಗೊತ್ತಿಲ್ಲ. ವರ್ಷ ಆಗಬಹುದು. ಆಗದೇನೂ ಇರಬಹುದು.

ಅವಳ ಹತ್ತಿರ ತಪ್ಪಾಯ್ತು ಅನ್ನಬೇಡ. ಅದು ನಿನ್ನ ಸಮಾಧಾನಕ್ಕೆ, ಅವಳಿಗೆ ಅದರಿಂದ ಏನೂ ಇಲ್ಲ. ನನ್ನ ಹತ್ತಿರವೂ ಅನ್ನಬೇಡ. ನಾನು ಕ್ಷಮಿಸಿಲ್ಲ. ಕ್ಷಮಿಸೋಕೆ ಕೂತಿಲ್ಲ.

ಅವ್ವನಿಗೆ ನಡೆದದ್ದನ್ನ ಹೇಳು, ಅರ್ಧ ಅಲ್ಲ, ಪೂರ್ತಿ.

ಸಹನ ನಿನಗೆ ಬೆನ್ನು ಹಾಕಿ ಕೂತಳು ಅಂದರೆ ಟೀ ಅರ್ಧ ಇದ್ದರೂ ಬಿಟ್ಟು ಎದ್ದು ಬಸ್ಸು ಹತ್ತು. ಬೇಡ ಅನ್ನೋದನ್ನ ಅವಳು ನಿನಗೆ ಹೇಳಲಿ. ಆವತ್ತು ಹಾಗೆ ಹೇಳೋಕೆ ಅವಳಿಗೆ ದಾರಿ ಇರಲಿಲ್ಲ.

ಪ್ರಮೀಳಾ